ಬಸಿದ ನೀರು

ಅಕ್ಕನ ಬಲಗೈ ಹೆಬ್ಬೆರಳಿನ ಮೇಲೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆಗಳಿದ್ದವು, ಒಂದರ ಮೇಲೊಂದು. ಈಳಿಗೆಮಣೆ ತಾಗಿದ ಗೀರುಗಳಿಗೆ ಬಾಳೆಕಾಯಿಯ ಸೊನೆ, ಬದನೆಯ ಕರೆ, ನುಗ್ಗೆಸೊಪ್ಪಿನ ಹಸಿರು ಇಳಿದು ಒಳಗೇ ಉಳಿದುಬಿಟ್ಟಿದ್ದವು. ಹಬ್ಬದ ದಿನ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು, ಹೋಗುತ್ತಿರಲಿಲ್ಲ. "ಬಿಡೇ ಅತ್ಲಾಗೆ, ಈ ವಯಸ್ಸಲ್ಲಿ ನನ್ನ ಕೈ ನೋಡಿ ಯಾರು ಹೆಣ್ಣು ಕೇಳೋಕೆ ಬರ್ತಾರೆ" ಎಂದು ಸೆರಗಿಗೆ ಒರೆಸಿಕೊಂಡು ಎದ್ದುಬಿಡುತ್ತಿದ್ದಳು.

ಅವಳು ನನ್ನ ಓರಗಿತ್ತಿ, ನಮ್ಮವರ ಅಣ್ಣನ ಹೆಂಡತಿ. ಮದುವೆಯಾಗಿ ಬಂದ ದಿನದಿಂದ ನಾನು ಅಕ್ಕ ಅಂತಲೇ ಕರೆದದ್ದು. ನಮ್ಮೂರು ದೊಡ್ಡಬಳ್ಳಾಪುರ ತಾಲ್ಲೂಕಿನದು. ಹಿತ್ತಲಿನಲ್ಲಿ ನಿಂತರೆ ಮಾಕಳಿದುರ್ಗದ ಬೆಟ್ಟ ಕಾಣುತ್ತದೆ. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ನಡುವೆ ಗೋಡೆ ಬಂತು, ಹಿತ್ತಲಿಗೆ ಬರಲಿಲ್ಲ. ಅಲ್ಲೂ ಒಂದು ಗೋಡೆ ಎಬ್ಬಿಸೋಣವೆಂದು ಗಂಡಸರು ಮಾತೆತ್ತಿದಾಗ ಅಕ್ಕ, "ಎಬ್ಬಿಸಿ. ಆಮೇಲೆ ನನ್ನ ಕುಂಬಳಬಳ್ಳಿ ಯಾರ ಪಾಲಿಗೆ ಅಂತ ಪಂಚಾಯ್ತಿ ಸೇರಿಸ್ತೀನಿ" ಎಂದಳು. ಅಲ್ಲಿಗೆ ಆ ಮಾತು ನಿಂತಿತು.

ನಿಜ ಹೇಳಬೇಕೆಂದರೆ ಆಗ ಅಲ್ಲಿ ಕುಂಬಳಬಳ್ಳಿ ಇರಲಿಲ್ಲ, ಮಣ್ಣು ಎನ್ನುವಂಥದ್ದೂ ಇರಲಿಲ್ಲ. ಹಳೆಯ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟಿದಾಗ ಹೆಂಚಿನ ಚೂರು, ಗಾರೆ, ಜಲ್ಲಿ, ಸಿಮೆಂಟಿನ ಹೆಂಟೆ ಎಲ್ಲವನ್ನೂ ಹಿತ್ತಲಲ್ಲೇ ಹರಡಿ, ಮೇಲೆ ಒಂದು ಟ್ರ್ಯಾಕ್ಟರ್ ಗರಸು ಸುರಿದು ಹೋಗಿದ್ದರು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತಿತ್ತು. ಪಾತ್ರೆ ತೊಳೆಯಲು ಚಪ್ಪಡಿ ಹಾಕಿಸಿಬಿಡೋಣ ಎಂದು ನನ್ನ ಯೋಚನೆ. ಅಕ್ಕ ಒಂದು ಸಂಜೆ ಕುಕ್ಕರಗಾಲಲ್ಲಿ ಕೂತು ಆ ನೆಲವನ್ನು ಅಂಗೈಯಿಂದ ಸವರಿ ನೋಡಿ, "ಇದು ಹಸಿದಿದೆ ಕಣೇ" ಎಂದಳು. ನೆಂಟರ ಮನೆಯಿಂದ ಬಂದ ಮಗುವಿನ ಹೊಟ್ಟೆ ಮುಟ್ಟಿ ಹೇಳುವ ಹಾಗೆ.

ಅಂದಿನಿಂದ ಅವಳ ಅಡುಗೆಮನೆಯ ಸಿಪ್ಪೆ ಸಿವುರು ಯಾವುದೂ ಬೀದಿಗೆ ಹೋಗಲಿಲ್ಲ. ಪಂಚಾಯಿತಿಯ ಕಸದ ಗಾಡಿ ಬಂದರೆ ಅಕ್ಕ ಕೊಡುತ್ತಿದ್ದದ್ದು ತೊಳೆದು ಒಣಗಿಸಿದ ಹಾಲಿನ ಕವರು ಮಾತ್ರ. ಗಾಡಿಯವನು ಒಮ್ಮೆ, "ಏನಮ್ಮೋ, ನಿಮ್ಮನೇಲಿ ಒಲೆ ಹಚ್ಚೋದೇ ಇಲ್ವಾ?" ಎಂದು ಕೇಳಿದ. "ಹಚ್ತೀವಪ್ಪಾ. ನಮ್ಮನೆ ಕಸಾನೂ ನಾವೇ ತಿಂದ್ಬಿಡ್ತೀವಿ" ಎಂದಳು. ಅವನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಅವಳ ಕ್ರಮ ನೋಡುವಂತಿತ್ತು. ಬಾಳೆಹಣ್ಣಿನ ಸಿಪ್ಪೆಯನ್ನು ಇಡಿಯಾಗಿ ಎಸೆಯುವ ಹಾಗಿಲ್ಲ. ಸಣ್ಣಗೆ ಹೆಚ್ಚಿ, ಗಿಡದ ಬುಡದಿಂದ ಗೇಣು ದೂರದಲ್ಲಿ ಹೂಳಬೇಕು. ಟೀ ಗಸಿಯನ್ನು ನೀರಿನಲ್ಲಿ ಜಾಲಿಸಿ ಹಾಲು ಸಕ್ಕರೆ ಬಿಡಿಸಿ ಗುಲಾಬಿಗೆ ಹಾಕಬೇಕು, ಇಲ್ಲದಿದ್ದರೆ ಇರುವೆಗಳು ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತವೆ. ಅಕ್ಕಿ ತೊಳೆದ ನೀರು ಮಾರನೆಯ ದಿನಕ್ಕೆ ಸ್ವಲ್ಪ ಹುಳಿ ವಾಸನೆ ಬಂದ ಮೇಲೆ. ಹುಳಿ ಮಜ್ಜಿಗೆ ಕರಿಬೇವಿಗೆ. ಮೊಟ್ಟೆಯ ಸಿಪ್ಪೆಯನ್ನು ಕಾಂಪೌಂಡಿನ ಮೇಲೆ ಒಣಗಿಸಿ, ಮೂಲೆಗೆ ಬಿದ್ದಿದ್ದ ಹಳೇ ಒರಳಿನಲ್ಲಿ ಕುಟ್ಟಿ, ಟೊಮ್ಯಾಟೊ ಗಿಡಕ್ಕೂ ಮೆಣಸಿನ ಗಿಡಕ್ಕೂ ಉದುರಿಸುತ್ತಿದ್ದಳು. ಮೀನು ತೊಳೆದ ನೀರೂ ಅವಕ್ಕೇ. ಆದರೆ ದೇವರಿಗೆ ಹೂ ಕೊಡುವ ದಾಸವಾಳ, ಕನಕಾಂಬರದ ಹತ್ತಿರ ಇವು ಸುಳಿಯುವಂತಿಲ್ಲ. "ಇವರಿಬ್ಬರು ಮಡಿ" ಎನ್ನುತ್ತಿದ್ದಳು, ಗಿಡಗಳನ್ನು ತೋರಿಸಿ, ದನಿ ತಗ್ಗಿಸಿ, ಅವು ಕೇಳಿಸಿಕೊಂಡಾವು ಎನ್ನುವ ಹಾಗೆ. ತಟ್ಟೆಯಲ್ಲಿ ಬಿಟ್ಟದ್ದು, ಉಪ್ಪು ಖಾರ ಬಿದ್ದದ್ದು ಯಾವ ಗಿಡಕ್ಕೂ ಇಲ್ಲ; ಉಪ್ಪು ತಾಗಿದರೆ ಮಣ್ಣು ಸೆಟೆದುಕೊಳ್ಳುತ್ತದೆ ಎಂದು ಅದನ್ನು ಪಕ್ಕದ ಮನೆಯ ಎಮ್ಮೆಯ ಕಲಗಚ್ಚಿನ ಬಾನಿಗೆ ಸುರಿದು ಬರುತ್ತಿದ್ದಳು. ಬಿಸಿ ನೀರೂ ಇಲ್ಲ. ಗಂಜಿಯನ್ನು ಅಗಲದ ಬೇಸಿನ್ನಿಗೆ ಬಗ್ಗಿಸಿ ಆರಿಸಿ, ಆರಿದ ಮೇಲೂ "ಸರ್ಕೋ ತಾಯಿ" ಎಂದು ಹೇಳಿಯೇ ಸುರಿಯುವುದು.

ಮೊದಲ ಎರೆಹುಳು ಕಂಡ ದಿನ ಅವಳು ಕೂಗಿದ ಕೂಗಿಗೆ ನಾನು ಹಾವೆಂದು ದೊಣ್ಣೆ ಹಿಡಿದು ಓಡಿದ್ದೆ. ನೋಡಿದರೆ ಅಂಗೈ ಮೇಲೆ ಒಂದು ಹಿಡಿ ಕಪ್ಪು ಮಣ್ಣು, ಅದರೊಳಗೆ ಒಂದು ಕೆಂಪು ಎಳೆ ಮಿಸುಕುತ್ತಿದೆ. ಆ ಮಧ್ಯಾಹ್ನ ಶಾವಿಗೆ ಪಾಯಸ ಮಾಡಿದಳು. ಭಾವ ಊಟಕ್ಕೆ ಕೂತು, "ಏನೇ ಇದು, ಇವತ್ತು ಯಾವ ಹಬ್ಬ?" ಎಂದರು.

"ನೆಂಟರು ಬಂದವ್ರೆ."

"ಎಲ್ಲಿ?"

"ಹಿತ್ತಲಲ್ಲಿ. ನೀವು ಕಾಲಿಟ್ಟು ತುಳಿದೀರಿ, ಹುಷಾರು."

ಭಾವ ರಾಗಿ ಹೊಲ ನೋಡಿಕೊಂಡು, ಪೇಟೆಯ ವಿದ್ಯುತ್ ಮಗ್ಗಗಳ ಶೆಡ್ಡಿನಲ್ಲಿ ರಿಪೇರಿ ಕೆಲಸ ಮಾಡುತ್ತಿದ್ದವರು. ಮಗ್ಗದ ಸದ್ದಿಗೆ ಕಿವಿ ಮಂದವಾಗಿ, ಮಾತು ಯಾವಾಗಲೂ ಜೋರು. "ನಿಮ್ಮಕ್ಕ ಗಂಡನಿಗಿಂತ ಮೊದಲು ಬದನೆಗಿಡಕ್ಕೆ ಬಡಿಸ್ತಾಳೆ ಕಣಮ್ಮ" ಎಂದು ನನಗೆ ಹೇಳುವುದು ಇಡೀ ಬೀದಿಗೆ ಕೇಳಿಸುತ್ತಿತ್ತು. ಅಕ್ಕ ಒಳಗಿನಿಂದಲೇ, "ಬದನೆಗಿಡ ಉಪ್ಪು ಕಮ್ಮಿ ಅಂತ ತಟ್ಟೆ ತಳ್ಳಲ್ಲ" ಎನ್ನುತ್ತಿದ್ದಳು.

ಹಾಗೆ ಹೇಳಿದರೂ ಅವರು ತಟ್ಟೆ ತಳ್ಳಿದ್ದನ್ನು ನಾನು ಕಂಡಿಲ್ಲ. ಅದರಲ್ಲೂ ಬಸ್ಸಾರಿನ ದಿನ. ನಮ್ಮ ಕಡೆಯ ಮನೆಗಳಲ್ಲಿ ಇದನ್ನು ಹೇಳಿಕೊಡಬೇಕಿಲ್ಲ. ದಂಟಿನಸೊಪ್ಪೋ ಹುರುಳಿಕಾಯೋ ಕಾಳಿನ ಜೊತೆ ಬೇಯಿಸಿ, ನೀರು ಬಸಿದು, ಆ ನೀರಿಗೆ ಖಾರ ರುಬ್ಬಿ ಹಾಕಿ ಕುದಿಸಿದರೆ ಸಾರು. ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಬಸಿದ ನೀರಿಗೆ ನಾವು ಕಟ್ಟು ಎನ್ನುತ್ತೇವೆ. ಅಕ್ಕನ ಬಸ್ಸಾರು ಬೀದಿಯ ಕೊನೆಯವರೆಗೂ ಘಮ ಹೋಗುತ್ತಿತ್ತು. ಅವಳು ಮಣ್ಣಿಗೆ ಕೊಡದೆ ಉಳಿಸಿಕೊಂಡದ್ದು ಅದೊಂದನ್ನೇ. "ಸಿಪ್ಪೆ ಅದಕ್ಕೆ, ಕಟ್ಟು ನಮಗೆ" ಎನ್ನುತ್ತಿದ್ದಳು. "ಜೀವ ಎಲ್ಲಾ ಅದ್ರಲ್ಲೇ ಇಳಿದಿರುತ್ತೆ ಕಣೇ. ಬಾಣಂತಿಗೂ ಅದೇ ಕೊಡೋದು, ಜ್ವರ ಬಂದು ಎದ್ದೋರಿಗೂ ಅದೇ ಕೊಡೋದು." ಅತ್ತೆ ನನ್ನ ಬಾಣಂತನದಲ್ಲಿ ಕೊಟ್ಟದ್ದೂ ಅದನ್ನೇ. ನಾವ್ಯಾರೂ ಅನುಮಾನಪಟ್ಟವರಲ್ಲ.

ಭಾವನ ಪಾದ ಊದತೊಡಗಿದ್ದು ಒಂದು ಶ್ರಾವಣದಲ್ಲಿ. ಸಕ್ಕರೆ ಕಾಯಿಲೆ ಹಳೆಯದಿತ್ತು. ಚಪ್ಪಲಿ ಬಿಗಿಯಾಯಿತು ಎಂದು ದೊಡ್ಡ ಚಪ್ಪಲಿ ಕೊಂಡರೇ ಹೊರತು ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದಾಗ ಮೂತ್ರಪಿಂಡಗಳೆರಡೂ ಕೈಬಿಟ್ಟಿದ್ದವು. ವಾರವಾರವೂ ಪೇಟೆಯ ಆಸ್ಪತ್ರೆಗೆ ಹೋಗಿ ಮಿಷನ್ನಿಗೆ ಕೈ ಕೊಟ್ಟು ರಕ್ತ ತೊಳೆಸಿಕೊಂಡು ಬರುವುದು ಶುರುವಾಯಿತು. ಜಡಿಗೇನಹಳ್ಳಿಗೆ ಕೊಟ್ಟ ಮಗಳು ಬಂದು ಬಂದು ಹೋಗುತ್ತಿದ್ದಳು. ಅವಳಿಲ್ಲದ ದಿನ ಅಕ್ಕನ ಜೊತೆ ನಾನು ಹೋಗುತ್ತಿದ್ದೆ.

ಏನು ತಿನ್ನಬೇಕು, ಏನು ತಿನ್ನಬಾರದು ಎಂದು ಹೇಳಿಕೊಡಲು ಅಲ್ಲೊಬ್ಬಳು ಹುಡುಗಿ ಇದ್ದಳು. ಬಿಳಿ ಕೋಟಿನೊಳಗೆ ಇನ್ನೂ ಕಾಲೇಜಿನ ಹುಡುಗಿಯ ಹಾಗೆ ಕಾಣುತ್ತಿದ್ದಳು. ಸಾವಧಾನದಿಂದಲೇ ಹೇಳಿದಳು: ಬಾಳೆಹಣ್ಣು ಬೇಡ, ಎಳನೀರು ಬೇಡ, ಸೊಪ್ಪು ಬೇಡ, ಉಪ್ಪು ಆದಷ್ಟೂ ಬೇಡ. ತರಕಾರಿ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ ನೆನೆಸಿಡಿ, ಆ ನೀರು ಚೆಲ್ಲಿ. ಮತ್ತೆ ಬೇರೆ ನೀರಲ್ಲಿ ಬೇಯಿಸಿ, ಆ ನೀರನ್ನೂ ಚೆಲ್ಲಿ. ಆಮೇಲೆ ಉಳಿದ ತರಕಾರಿ ಕೊಡಿ.

ಅಕ್ಕ ಅವಳನ್ನೇ ನೋಡುತ್ತ ಕೇಳಿದಳು: "ಬೇಯಿಸಿದ ನೀರೂ ಚೆಲ್ಲಿದ್ರೆ ಅದ್ರಲ್ಲಿ ಉಳಿಯೋದು ಏನವ್ವಾ?"

"ಉಳೀಬಾರದು ಅಂತಲೇ ಅಮ್ಮಾ ಚೆಲ್ಲೋದು."

ಬಸ್ಸಿನಲ್ಲಿ ಬರುವಾಗ ಅಕ್ಕ ಕಿಟಕಿಯ ಪಕ್ಕ ಕೂತಿದ್ದಳು. ಊರು ಹತ್ತಿರ ಬಂದಾಗ, "ಆ ಮಗೂಗೆ ಇನ್ನೂ ಮದುವೆ ಆಗಿಲ್ಲ ಅನ್ಸುತ್ತೆ" ಎಂದಳು. "ಒಲೆ ಮುಂದೆ ನಿಂತ ಕೈ ಅಲ್ಲ ಅದು." ನಾನು ನಕ್ಕೆ. ಆಗ ನಗು ಬಂದಿತ್ತು.

ಆದರೂ ಕೆಲವು ವಾರ ಅಕ್ಕ ಆ ಹುಡುಗಿ ಹೇಳಿದ್ದನ್ನು ಹೇಳಿದ ಹಾಗೇ ನಡೆಸಿದಳು. ನೆನೆಸಿದ ನೀರನ್ನು ಗಿಡಕ್ಕೆ ಹಾಕಿದಳು, ಬೇಯಿಸಿದ ನೀರನ್ನು ಮುಖ ಆ ಕಡೆ ತಿರುಗಿಸಿಕೊಂಡು ಚೆಲ್ಲಿದಳು. ಉಪ್ಪಿಲ್ಲದ, ಸತ್ವವೆಲ್ಲ ಹೋದ ಸೋರೆಕಾಯಿ, ಸೀಮೆಬದನೆಯನ್ನು ಭಾವನ ಮುಂದೆ ಇಟ್ಟಳು. ಅವರು ಒಂದು ತುತ್ತು ಬಾಯಿಗಿಟ್ಟು, ಅಗಿದು, ಅಗಿಯುತ್ತಲೇ ಇದ್ದು, "ಹಾಸಿಗೆಯ ಹತ್ತಿ ತಿಂದ ಹಾಗಿದೆ ಕಣೇ" ಎಂದರು. ಜೋರಾಗಿ ಅಲ್ಲ. ಅವರ ದನಿ ಮೆತ್ತಗಾದದ್ದನ್ನು ನಾನು ಕೇಳಿದ್ದು ಆಗಲೇ. ದಿನದಿಂದ ದಿನಕ್ಕೆ ತಟ್ಟೆ ತುಂಬಿದ್ದು ತುಂಬಿದ ಹಾಗೇ ವಾಪಸು ಬರತೊಡಗಿತು. ಕೊರಳ ಮೂಳೆಗಳು ಎದ್ದು ನಿಂತವು. ಮಿಷನ್ನಿನಿಂದ ಬಂದ ದಿನ ಗೋಡೆಗೆ ಒರಗಿ ಕೂತು, "ಒಂದು ಉಂಡೆ ಮುದ್ದೆ, ಎರಡು ಸೌಟು ಬಸ್ಸಾರು. ಸತ್ರೂ ಪರವಾಗಿಲ್ಲ" ಎನ್ನುವರು. ಅಕ್ಕ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಳ್ಳುವಳು.

ಒಂದು ದಿನ ಅವಳ ಮನೆಯಿಂದ ಮತ್ತೆ ಆ ಘಮ ಬಂತು. ಹೋಗಿ ನೋಡಿದರೆ ಭಾವ ಉಣ್ಣುತ್ತಿದ್ದಾರೆ. ಸಣ್ಣ ಮುದ್ದೆ, ತಟ್ಟೆ ತುಂಬ ತಿಳಿಸಾರು. ಅಕ್ಕ ಎದುರು ಕೂತು ಬೀಸಣಿಗೆಯಲ್ಲಿ ಗಾಳಿ ಹಾಕುತ್ತಿದ್ದಾಳೆ. ನನ್ನ ಮುಖ ನೋಡಿ ತಾನೇ ಹೇಳಿದಳು: "ಉಪ್ಪು ಹಾಕಿಲ್ಲ ಕಣೇ. ಕಾಯಿ ಹಾಕಿಲ್ಲ, ಹುಣಸೆ ಹಾಕಿಲ್ಲ. ಮೆಣಸು, ಜೀರಿಗೆ, ಎರಡು ಬೆಳ್ಳುಳ್ಳಿ. ಸೊಪ್ಪೂ ಕೊಟ್ಟಿಲ್ಲ, ಅದನ್ನ ನಾನು ತಿಂತೀನಿ. ಅವರಿಗೆ ಬರೀ ನೀರು. ನೀರಿನಂಥಾ ನೀರು."

ಸೊಪ್ಪು ಬೇಡವೆಂದಿದ್ದರು, ಸೊಪ್ಪು ಕೊಡಲಿಲ್ಲ. ಕಾಯಿಲೆಯವರಿಗೆ ಗಟ್ಟಿಯಾದದ್ದು ಭಾರ, ತೆಳುವಾದದ್ದು ಹಗುರ. ಇದು ಅವಳು ಹುಟ್ಟಿದಾಗಿನಿಂದ ಕಂಡ ಕಾಯಿಲೆಯ ಊಟ. ತಿರುಳು ಗಂಡನಿಗೆ ಬಡಿಸಿ ಚರಟವನ್ನು ತಾನು ತಿನ್ನುತ್ತಿದ್ದೇನೆಂದು ಅವಳ ಮನಸ್ಸಿನಲ್ಲಿತ್ತು. ನಿಜವಾಗಿ ಆ ಮನೆಯಲ್ಲಿ, ನೀರು ಬಸಿದು ಉಳಿದದ್ದನ್ನಷ್ಟೇ ತಿಂದು, ಕಿಡ್ನಿ ಕೆಟ್ಟವರ ಪಥ್ಯವನ್ನು ತಪ್ಪದೆ ಮಾಡಿದವಳು ಅವಳೊಬ್ಬಳೇ.

ಆ ದಿನಗಳಷ್ಟು ಗೆಲುವಾಗಿ ನಾನು ಅಕ್ಕನನ್ನು ಕಂಡಿಲ್ಲ. ಭಾವನ ದನಿ ಮತ್ತೆ ಬೀದಿಗೆ ಕೇಳಿಸಿತು. ದಿನಾ ಒಂದೊಂದರ ಕಟ್ಟು: ಹುರುಳಿಕಾಯಿ, ನುಗ್ಗೆ, ಅಲಸಂದೆ, ಹಿತ್ತಲ ದಂಟು. ಅವಳು ಖಾಲಿ ತಟ್ಟೆಯನ್ನು ನನಗೆ ತೋರಿಸಲೆಂದೇ ಹಿತ್ತಲಿಗೆ ತಂದು ತೊಳೆಯುತ್ತಿದ್ದಳು. "ನೆಕ್ಕಿಬಿಟ್ಟವ್ರೆ ನೋಡೇ, ಮಗೂ ಥರ."

ಒಂದು ಬೆಳಿಗ್ಗೆ ಭಾವ ಹಾಸಿಗೆಯಿಂದ ಕಾಲು ಕೆಳಗಿಳಿಸಲು ಹೋದರೆ ಕಾಲು ಬರಲಿಲ್ಲ. "ನನ್ನ ಕಾಲು ಎಲ್ಲಿಟ್ಟಿದೀಯೇ?" ಎಂದರಂತೆ, ತಮಾಷೆ ಮಾಡುತ್ತಾರೆಂದು ಅಕ್ಕ ಕಾಫಿಗೆ ನೀರಿಟ್ಟಳಂತೆ. ಕಾಫಿ ತರುವಷ್ಟರಲ್ಲಿ ಮಾತೂ ತೊದಲುತ್ತಿತ್ತು. ನಮ್ಮವರು ಕಾರು ಹಿಡಿದು ತಂದರು. ಆಸ್ಪತ್ರೆಯಲ್ಲಿ ಎದೆಗೆ ತಂತಿ ಅಂಟಿಸಿ, ಸೂಜಿ ಚುಚ್ಚಿ, ಓಡಾಡಿ, ತಕ್ಷಣವೇ ಮಿಷನ್ನಿಗೆ ಹಾಕಿದರು. ಆ ಹುಡುಗಿ ಹೊರಗೆ ಬಂದು ನಮ್ಮ ಪಕ್ಕದ ಬೆಂಚಿನ ಮೇಲೆ ಕೂತು ಕೇಳಿದಳು: "ಅಮ್ಮಾ, ಏನು ತಿಂದಿದ್ರು ಅಂತ ಸ್ವಲ್ಪ ಹೇಳಿ."

ಅಕ್ಕ ಹೇಳಿದಳು. ಏನೂ ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಇದೆ ಎಂದೂ ಅವಳಿಗೆ ಗೊತ್ತಿರಲಿಲ್ಲ. ಕಟ್ಟನ್ನು ಹೇಗೆ ಬಸಿದೆ, ಎಷ್ಟು ತಿಳಿಯಾಗಿ ಮಾಡಿದೆ, ಉಪ್ಪು ಮುಟ್ಟಿಸಲಿಲ್ಲ ಎಂದು ಒಂದೊಂದಾಗಿ ಹೇಳಿದಳು. ಹುಡುಗಿ ಕೇಳುತ್ತ ಕೇಳುತ್ತ ಪೆನ್ನಿನ ಮುಚ್ಚಳ ಹಾಕಿದಳು.

"ಅಮ್ಮಾ, ತರಕಾರೀಲಿರೋ ಪೊಟ್ಯಾಸಿಯಂ ಎಲ್ಲಾ ಆ ನೀರಿಗೇ ಇಳಿಯೋದು. ಅದನ್ನ ಆಚೆ ಹಾಕೋ ಶಕ್ತಿ ಇವರ ಕಿಡ್ನೀಲಿ ಇಲ್ಲ. ಹೆಚ್ಚಾದ್ರೆ ಹಾರ್ಟೇ ನಿಂತ್ಹೋಗುತ್ತೆ. ಅದಕ್ಕೇ ಚೆಲ್ಲಿ ಅಂತ ಹೇಳಿದ್ದು ನಾನು."

"ಹೇಳಿದ್ಯವ್ವಾ" ಎಂದಳು ಅಕ್ಕ. ಆಮೇಲೆ ಕೇಳಿದಳು: "ಅದು ಹೊಲಕ್ಕೆ ಹಾಕೋ ಪೊಟ್ಯಾಷು, ಅದೇನಾ?"

"ಅದೇ ಅಮ್ಮಾ. ಗಿಡಕ್ಕೆ ಒಳ್ಳೇದು. ಇವರಿಗೆ ವಿಷ."

ಬೈಯಲಿಲ್ಲ ಆ ಹುಡುಗಿ. ಬೈದಿದ್ದರೆ ಅಕ್ಕನಿಗೆ ಒಂದು ಆಸರೆ ಸಿಗುತ್ತಿತ್ತೇನೋ, ತಿರುಗಿ ಒಂದು ಮಾತಾದರೂ ಆಡಬಹುದಿತ್ತು. ಬೆಂಚಿನ ತುದಿಯಲ್ಲಿ ಅಕ್ಕ ತನ್ನ ಎರಡು ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತುಬಿಟ್ಟಳು. ಸಂಜೆಯವರೆಗೂ ತೆಗೆಯಲಿಲ್ಲ.

ಭಾವ ಆ ಸಲ ಬದುಕಿ ಬಂದರು. ಆದರೆ ಎದ್ದು ಓಡಾಡುವ ಹಾಗಾಗಲಿಲ್ಲ. ಆ ದಿನದಿಂದ ಅಕ್ಕನ ಕೈಯಲ್ಲಿ ತಪ್ಪು ನಡೆಯಲಿಲ್ಲ. ನೆನೆಸಿದ ನೀರು, ಬೇಯಿಸಿದ ನೀರು, ಹೇಳಿದ್ದಕ್ಕಿಂತ ಇನ್ನೊಂದು ಸಲ ಬೇಯಿಸಿದ ನೀರು, ಎಲ್ಲವನ್ನೂ ಬೇಸಿನ್ನಿನಲ್ಲಿ ಆರಿಸಿ ಹಿತ್ತಲಿಗೆ ಹೊರುವಳು. ಚರಂಡಿಗೆ ಸುರಿದುಬಿಡು ಅಕ್ಕಾ ಎಂದೆ ಒಮ್ಮೆ. "ಊಟ ಕಣೇ ಅದು, ಚರಂಡಿಗೆ ಹಾಕಕ್ಕಾಗುತ್ತಾ" ಎಂದಳು. ಕಾಯಿಲೆಯವರ ಮನೆಯ ನೀರಾದ್ದರಿಂದ ಅದರಲ್ಲಿ ಉಪ್ಪಿರಲಿಲ್ಲ. ಮಣ್ಣಿಗೆ ಅದಕ್ಕಿಂತ ಒಳ್ಳೆಯದು ಇನ್ನೊಂದು ಬೇಕೆ?

ಹಿತ್ತಲು ಸೊಕ್ಕಿತು. ಬೇರೆ ಮಾತಿಲ್ಲ ನನಗೆ. ಅಷ್ಟು ವರ್ಷ ಸಿಪ್ಪೆ ಹೂತು, ಗಸಿ ಹಾಕಿ ಅವಳು ಕಾಣದಿದ್ದ ಬೆಳೆ ಆ ತಿಂಗಳುಗಳಲ್ಲಿ ಬಂತು. ಬದನೆ ಕೊಂಬೆ ಮುರಿಯುವಷ್ಟು ಬಿಟ್ಟಿತು. ದಂಟು ಎದೆ ಮಟ್ಟ ನಿಂತಿತು. ದಾಸವಾಳ ಅಂಗೈಯಗಲ. ಗರಸಿನ ನೆಲ ಕೈ ಹಾಕಿದರೆ ಮೊಣಕೈವರೆಗೆ ಇಳಿಯುವಷ್ಟು ಕಪ್ಪಗೆ, ಮೆತ್ತಗೆ, ಮಳೆ ಬಿದ್ದ ಮೊದಲ ದಿನದ ವಾಸನೆಯಲ್ಲಿ ಇರುತ್ತಿತ್ತು. ಕಿಟಕಿಯ ಈ ಕಡೆ ಭಾವ ಹಾಸಿಗೆಗೆ ಅಂಟಿಕೊಂಡು ಕರಗುತ್ತಿದ್ದರು, ಆ ಕಡೆ ಅವರು ತಿನ್ನಬೇಕೆಂದು ಕೇಳಿದ್ದೆಲ್ಲ ಎಲೆ ಎಲೆಯಾಗಿ ನಿಂತಿತ್ತು. ಅವರಿಗೆ ಆಗದ್ದೆಲ್ಲ ಮಣ್ಣಿಗೆ ಆಯಿತು.

ಶೆಡ್ಡಿನ ಹಳೆಯ ಗೆಳೆಯರೊಬ್ಬರು ಭಾವನನ್ನು ನೋಡಲು ಬಂದವರು ಹಿತ್ತಲು ನೋಡಿ ಬೆರಗಾಗಿ, "ಅಮ್ಮಾ, ಏನು ಗೊಬ್ರ ಹಾಕ್ತೀರಾ? ನಮ್ಮ ಮನೆಯವಳಿಗೂ ಹೇಳ್ತೀನಿ" ಎಂದರು.

"ಅವರ ಊಟ" ಎಂದಳು ಅಕ್ಕ, ಒಳಗಿನ ಹಾಸಿಗೆಯ ಕಡೆ ಕತ್ತು ತಿರುಗಿಸಿ. ಬಂದವರಿಗೆ ಅರ್ಥವಾಗಲಿಲ್ಲ. ಒಂದು ಚೀಲ ಬದನೆ ಕಿತ್ತು ಕೊಟ್ಟು ಕಳಿಸಿದಳು. ಅವಳು ಮಾತ್ರ ಆ ಹಿತ್ತಲಿನದನ್ನು ಬಾಯಿಗೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದಳು.

ಭಾವ ಹೋದದ್ದು ಅವರೆಕಾಯಿಯ ಕಾಲದಲ್ಲಿ, ಮಿಷನ್ನಿನಿಂದ ವಾಪಸು ಬರುವ ದಾರಿಯಲ್ಲಿ, ನಮ್ಮವರ ಹೆಗಲಿಗೆ ತಲೆಯಿಟ್ಟುಕೊಂಡು. ಡಾಕ್ಟರು ಇದಕ್ಕೂ ಹಿಂದೆ ಆದದ್ದಕ್ಕೂ ಸಂಬಂಧವಿಲ್ಲ, ಹೃದಯ ಮೊದಲೇ ಸೋತಿತ್ತು ಎಂದು ಸ್ಪಷ್ಟವಾಗಿ ಹೇಳಿದರು. ಅದನ್ನು ಅಕ್ಕನಿಗೆ ಎಷ್ಟೋ ಸಲ ಹೇಳಿದೆವು. "ಹೂಂ" ಎನ್ನುತ್ತಿದ್ದಳು. ಅವಳಿಗೆ ಅದು ಬೇರೆ ಯಾರದೋ ಮನೆಯ ಸುದ್ದಿಯಾಗಿತ್ತು.

ತಿಥಿಯ ದಿನ ಎಡೆಗೆ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿಡುವುದು ನಮ್ಮ ಪದ್ಧತಿ. ಊಟದ ಅಡುಗೆಗೆ ಭಟ್ಟರಿದ್ದರು. ಆದರೆ ನಮ್ಮ ನಾದಿನಿ, ಭಾವನ ತಂಗಿ, "ನಮ್ಮಣ್ಣನಿಗೆ ಬಸ್ಸಾರು ಅಂದ್ರೆ ಪ್ರಾಣ. ಎಡೆಗೆ ಅದನ್ನ ಅತ್ತಿಗೆ ಕೈಲೇ ಮಾಡಿಸ್ರವ್ವಾ" ಎಂದಳು. ತಪ್ಪೇನೂ ಇರಲಿಲ್ಲ ಆ ಮಾತಿನಲ್ಲಿ. ನಾನು ಅಕ್ಕನ ಮುಖ ನೋಡಿದೆ. ಅವಳು ಎದ್ದು ಹಿತ್ತಲಿಗೆ ಹೋಗಿ ದಂಟು ಕುಯ್ದುಕೊಂಡು ಬಂದಳು. ಸೋಸಿದಳು, ತೊಳೆದಳು, ಬೇಳೆ ಹಾಕಿ ಒಲೆಗಿಟ್ಟಳು. ನಾನು ಪಕ್ಕದಲ್ಲಿ ಖಾರ ರುಬ್ಬಿ, ಬಟ್ಟಲಿಗೆ ಬಳಿದಿಟ್ಟು ಕಾಯುತ್ತಿದ್ದೆ.

ಬೆಂದಿತು. ಅಕ್ಕ ತಟ್ಟೆ ಮುಚ್ಚಿ, ಬಟ್ಟೆ ಹಿಡಿದು, ಹದವಾಗಿ ಬಗ್ಗಿಸಿ ಕೊನೆಯ ಹನಿಯವರೆಗೂ ಕಟ್ಟನ್ನು ಪಾತ್ರೆಗೆ ಬಸಿದಳು. ಆ ಪಾತ್ರೆ ಎತ್ತಿಕೊಂಡಳು. ನನ್ನನ್ನು ದಾಟಿ, ಖಾರದ ಬಟ್ಟಲನ್ನು ದಾಟಿ, ಹಿಂಬಾಗಿಲು ದಾಟಿ ಹೋದಳು. ನನಗೆ ಹೊಳೆಯುವಷ್ಟರಲ್ಲಿ ಬದನೆ ಗಿಡಗಳ ಬುಡದಿಂದ ದೊಡ್ಡ ಹಬೆ ಎದ್ದಿತ್ತು. ಆರಿಸಿಯೂ ಇರಲಿಲ್ಲ.

ಖಾಲಿ ಪಾತ್ರೆ ಹಿಡಿದು ಒಳಗೆ ಬಂದಳು. "ಅಕ್ಕಾ, ಕಟ್ಟು?" ಎಂದೆ. ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು.

ಹೊರಗೆ ಎಲೆ ಹಾಕಿಯಾಗಿತ್ತು. ನಾದಿನಿ ಬಂದು ನೋಡಿ, ಎದೆಗೆ ಕೈ ಇಟ್ಟುಕೊಂಡು, "ಅಯ್ಯೋ ಅತ್ತಿಗೇ, ಸತ್ತ ಮೇಲೂ ನಮ್ಮಣ್ಣನಿಗೆ ಕೊಡಬಾರದಾ?" ಎಂದುಬಿಟ್ಟಳು. ಆಡಿದ ಮೇಲೆ ಅವಳೂ ಬಾಯಿ ಮುಚ್ಚಿಕೊಂಡು ಅತ್ತಳು. ಮತ್ತೆ ಬೇಯಿಸುವಷ್ಟು ಹೊತ್ತಿರಲಿಲ್ಲ. ಎಡೆಯ ಮೇಲೆ ಬಸಿದ ಸೊಪ್ಪಿನ ಪಲ್ಯವಷ್ಟೇ ಹೋಯಿತು.

ಅಕ್ಕ ಒಲೆಯ ಪಕ್ಕದ ಗೋಡೆಗೆ ಕುಸಿದು ಕೂತಿದ್ದಳು. ಅಷ್ಟು ದಿನ ಅತ್ತಿರಲಿಲ್ಲ, ಆಗಲೂ ಅಳಲಿಲ್ಲ. ನನ್ನ ಮೊಣಕೈ ಹಿಡಿದುಕೊಂಡು ಕೇಳಿದಳು: "ಈಗ ಕೊಡಬಹುದಿತ್ತಲ್ವೇನೇ? ಈಗ ಏನೂ ಆಗ್ತಿರಲಿಲ್ಲವಲ್ಲೇ ಅವರಿಗೆ."

ಆಮೇಲೆ ಅವಳು ತರಕಾರಿ ಬೇಯಿಸಲಿಲ್ಲ. ಮಗಳು ಜಡಿಗೇನಹಳ್ಳಿಗೆ ಕರೆದುಕೊಂಡು ಹೋದಳು. ಅಲ್ಲಿಯೂ ಒಲೆಯ ಹತ್ತಿರ ಹೋಗುವುದಿಲ್ಲವೆಂದು ಕೂತು, ಕೊನೆಗೆ ವಾಪಸು ಬಂದಳು. ಅನ್ನ, ಮೊಸರು, ಬೇಕಾದರೆ ಒಂದು ಚೂರು ಉಪ್ಪಿನಕಾಯಿ. ಅದೂ ಕಾಟಾಚಾರಕ್ಕೆ. ಅಡುಗೆಮನೆಯಲ್ಲಿ ಸಿಪ್ಪೆ ಹುಟ್ಟುವುದೇ ನಿಂತಿತು. ಟೀ ಗಸಿಯನ್ನು ಪ್ಲಾಸ್ಟಿಕ್ ಕವರಿಗೆ ಕಟ್ಟಿ ಕಸದ ಗಾಡಿಗೆ ಕೊಟ್ಟಳು. ಗಾಡಿಯವನು ಅದನ್ನು ತಗೊಂಡು, ಒಂದು ಮಾತೂ ಆಡದೆ ಗಾಡಿ ಮುಂದಕ್ಕೆ ಬಿಟ್ಟ. ನಾನು ನನ್ನ ಮನೆಯ ಸಿಪ್ಪೆಯನ್ನು ಹಿತ್ತಲಲ್ಲಿ ಹೂಳುತ್ತಿದ್ದೆ, ನೀರು ಬಿಡುತ್ತಿದ್ದೆ. ನನ್ನ ಕೈಗೆ ಅದು ಒಗ್ಗಲಿಲ್ಲವೋ, ನಾನು ಹಾಕಿದ್ದು ಸಾಲಲಿಲ್ಲವೋ, ಬಿಸಿಲು ಏರಿದಂತೆ ಮಣ್ಣು ಬಿರಿಯಿತು, ಬದನೆ ಕಡ್ಡಿಯಾಯಿತು. ಅಕ್ಕ ಹಿಂಬಾಗಿಲ ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದಳು. ಹೀಗೆ ಹಾಕು, ಹಾಗೆ ಹಾಕು ಎಂದು ಒಂದು ಸಲವೂ ಹೇಳಲಿಲ್ಲ. ಹೇಳಿದ್ದು ಇಷ್ಟೇ, ಒಂದು ಮಧ್ಯಾಹ್ನ, ನನಗೋ ತನಗೋ ತಿಳಿಯದ ಹಾಗೆ: "ಅದ್ರಲ್ಲೇ ಜೀವ ಇದೆ ಅಂದಿದ್ದೆ. ಇತ್ತು. ಸುಳ್ಳಲ್ಲ ನೋಡು."

ವರ್ಷದ ತಿಥಿ ಬರುವ ಮುಂಚೆಯೇ ಅವಳು ಹೋದಳು. ಊಟದ ಹೊತ್ತಿಗೆ ಕರೆಯಲು ಹೋದೆ; ಹಿಂಬಾಗಿಲ ಹತ್ತಿರ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು, ತಣ್ಣಗಾಗಿದ್ದಳು. ನಿತ್ರಾಣ ಎಂದರು ಡಾಕ್ಟರು. ಉಣ್ಣಲು ಮನಸ್ಸಿಲ್ಲದ ಜೀವಕ್ಕೆ ಅವರು ಇನ್ನೇನು ಹೆಸರು ಕೊಟ್ಟಾರು? ಅವಳನ್ನು ಚಟ್ಟದ ಮೇಲೆ ಮಲಗಿಸುವಾಗ ನನ್ನೊಳಗೆ ಬಂದದ್ದು ದುಃಖವಲ್ಲ, ಎಂಥದೋ ಬರಿದು. ಅವಳಿಗೆ ಯಾವ ಸಮಾಧಾನವನ್ನೂ ಕೊಡಲು ನಮ್ಮಿಂದ ಆಗಲಿಲ್ಲ. ಸಮಾಧಾನ ಎನ್ನುವುದು ಇದ್ದರಲ್ಲವೆ ಕೊಡುವುದು.

ಇದನ್ನು ಈಗ ಬರೆಯಲು ಕಾರಣವಿದೆ. ಈ ವರ್ಷ ನಮ್ಮವರ ಪಾದ ಊದಿತು. ಅಣ್ಣನ ಕಾಯಿಲೆಯೇ. ಅದೇ ಆಸ್ಪತ್ರೆ, ಅದೇ ಬೆಂಚು. ಹೇಳಿಕೊಡಲು ಈಗ ಬೇರೆ ಹುಡುಗಿ ಇದ್ದಾಳೆ. "ತರಕಾರಿ ಬೇಯಿಸಿದ ನೀರನ್ನ..." ಎಂದು ಅವಳು ಶುರು ಮಾಡಿದಾಗ, "ಗೊತ್ತಮ್ಮಾ" ಎಂದೆ. ಹೇಗೆ ಗೊತ್ತು ಎಂದು ಅವಳು ಕೇಳಲಿಲ್ಲ. ಅಕ್ಕ ತನ್ನ ಸಂಸಾರವನ್ನೇ ಸುರಿದು ಕಲಿತದ್ದು ನನಗೆ ಕೂತಲ್ಲೇ ಸಿಕ್ಕಿದೆ. ಇಂಥ ಋಣಕ್ಕೆ ಕೈ ಮುಗಿಯುವುದು ಹೇಗೆಂದು ನನಗೆ ತಿಳಿಯದು. ನಮ್ಮವರು ಇದುವರೆಗೆ ಇದ್ದಾರೆಂದರೆ ಅದು ಅವಳ ಕೈಯ ಪುಣ್ಯ ಎನ್ನಲೂ ಬಾಯಿ ಬರುವುದಿಲ್ಲ; ಅವಳ ಕೈಗೆ ಏನಾಯಿತೆಂದು ಬಲ್ಲೆನಲ್ಲ.

ನಿನ್ನೆ ಹುರುಳಿಕಾಯಿ ಬೇಯಿಸಿ ಬಸಿದು, ಬೇಸಿನ್ ಎತ್ತಿಕೊಂಡು ಹಿತ್ತಲಿಗೆ ಹೋದೆ. ನಮ್ಮವರು ಗೋಡೆ ಹಿಡಿದುಕೊಂಡು ಹಿಂಬಾಗಿಲಿಗೆ ಬಂದು ನಿಂತರು. ಅವರು ಬಾಯಿಬಿಟ್ಟು ಏನನ್ನೂ ಕೇಳುವ ಗಂಡಸಲ್ಲ. ಘಮ ಅವರವರೆಗೆ ಹೋಗಿತ್ತು.

"ಒಂದೇ ಒಂದು ಸೌಟು ಇಟ್ಟಿರೇ" ಎಂದರು. "ಒಂದು ಸೌಟಿಗೆ ಏನಾಗುತ್ತೆ?"

ಅಕ್ಕ ಯಾಕೆ ಕೊಟ್ಟಳು ಎಂದು ನನಗೆ ಆಗ ತಿಳಿಯಿತು. ಆ ಮುಖ ನೋಡಿ ಇಲ್ಲ ಅನ್ನುವುದು ನನ್ನಿಂದ ಆಗಲಿಲ್ಲ. ಅವರ ಕಡೆಗೆ ಬೆನ್ನು ಮಾಡಿ ಬೇಸಿನ್ ಬಗ್ಗಿಸಿದೆ. ಬಿರುಕುಬಿಟ್ಟ ನೆಲ ಅದನ್ನು ಸದ್ದು ಮಾಡಿಕೊಂಡು ಕುಡಿಯಿತು.